ಬಾಯಿಗೆ ಬಾಯಿ ಕಟ್ಟಿದ ತಂತಿ

ಮತಾನ್ಸಾಸ್ ಊರಿನ ಗ್ರಂಥಾಲಯದಲ್ಲಿ ನೆರೈದಾ ಬೆಳಗಿನಿಂದ ಟರ್ಮಿನಲ್ ಪರದೆಯ ಮುಂದೆ ಕೂತು ಅಕ್ಷರ ಒತ್ತುತ್ತಿದ್ದಳು. ಎರಡು ಯಂತ್ರಗಳ ನಡುವೆ ಅಕ್ಷರ ಸಾಗಿಸುವ ಸೀರಿಯಲ್ ತಂತಿಯ ಆ ತುದಿಯಲ್ಲಿ, ಗೋಡೆಯಾಚೆಯ ಕಂಪ್ಯೂಟರಿನೆದುರು, ಅವಳ ಅಣ್ಣ ಎವೆಲಿಯೊ.

"ಬಂತೇನೋ ಅಣ್ಣಾ?" ಎಂದು ಇವಳು ಕೂಗುವುದು, "ಏನೂ ಇಲ್ಲ ಕಣೇ!" ಎಂದು ಅವನು ಅರಚುವುದು.

ರೇಗಿದ ನೆರೈದಾ ತಂತಿ ಕಿತ್ತು, ತನ್ನ ಹೇರ್‌ಪಿನ್ನಿನಿಂದ ಯಂತ್ರದ ಕಳಿಸುವ ಪಿನ್ನನ್ನೂ ಪಡೆಯುವ ಪಿನ್ನನ್ನೂ ಸೇರಿಸಿದಳು. ಒತ್ತಿದ ಅಕ್ಷರ ಅವಳ ಪರದೆಗೇ ಮರಳಿತು. ಗೋಡೆಯಾಚೆ ಹೋಗಿ ಅವನ ಯಂತ್ರಕ್ಕೂ ಅದನ್ನೇ ಮಾಡಿದಳು; ಅಲ್ಲೂ ಹಾಗೆಯೇ ಆಯಿತು.

"ಯಂತ್ರ ಎರಡೂ ಚೆನ್ನಾಗಿವೆ. ಈ ತಂತಿ ಬೆಸೆದ ಮಹಾರಾಯ ಯಾರು?"

"ನಾನೇ. ಬಣ್ಣಕ್ಕೆ ಬಣ್ಣ ಸೇರಿಸಿದೀನಿ, ಎಷ್ಟು ನೀಟಾಗಿದೆ ನೋಡು!"

"ನೀಟಂತೆ, ಮಣ್ಣು! ಕಳಿಸೋ ಪಿನ್ನಿಗೆ ಕಳಿಸೋದು, ಪಡೆಯೋ ಪಿನ್ನಿಗೆ ಪಡೆಯೋದು ಸೇರಿಸಿ, ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದೀಯ. ಒಂದು ತುದೀಲಿ ಎರಡನ್ನೂ ಅದಲುಬದಲು ಮಾಡು."

ಬೆಸುಗೆ ಆರಿದ ಮೇಲೆ ಅವಳು ತನ್ನ ಜಾಗಕ್ಕೆ ಮರಳಿ ಕೂತಾಗ ಪರದೆಯಲ್ಲಿ ಒಂದೊಂದೇ ಅಕ್ಷರ ಮೂಡಿತು: "ಕಾಫಿ ಇದೆಯಾ?"

"ಬಂತು!" ಎಂದು ಕೂಗಲು ಬಾಯಿ ತೆರೆದ ನೆರೈದಾ, ಬಾಯಿ ಮುಚ್ಚಿಕೊಂಡು ಅದನ್ನೇ ಒತ್ತಿ ಕಳಿಸಿದಳು.