ಹತ್ತಕ್ಕೆ ಮೂರು

ಮೇಷ್ಟ್ರು ತಮ್ಮ ಹೊಟ್ಟೆನೋವಿಗೆ ಕೊಟ್ಟದ್ದು ಹತ್ತಕ್ಕೆ ಮೂರು.

ಆಸ್ಪತ್ರೆಯ ಕಿಟಕಿಯ ಹಿಂದೆ ಕೂತಿದ್ದ ನರ್ಸು ಒಂದು ಹಾಳೆ ಮುಂದಿಟ್ಟಿದ್ದಳು. ಅದರಲ್ಲಿ ಸೊನ್ನೆಯಿಂದ ಹತ್ತರವರೆಗೆ ಅಂಕಿಗಳು, ಒಂದೊಂದರ ಮೇಲೂ ಒಂದೊಂದು ಮುಖ. ಸೊನ್ನೆಯ ಮುಖ ನಗುತ್ತಿತ್ತು, ಹತ್ತರದು ಗೊಳೋ ಎಂದು ಅಳುತ್ತಿತ್ತು. ನೋವು ಎಷ್ಟಿದೆಯೋ ಅಷ್ಟಕ್ಕೆ ಸುತ್ತು ಹಾಕಬೇಕು. ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದು, ಹುಬ್ಬು ಗಂಟಿಕ್ಕಿ ಯೋಚಿಸಿ, ಮೂರಕ್ಕೆ ಸುತ್ತು ಹಾಕಿದರು.

"ಬರೀ ಮೂರೇನ್ರೀ?" ಎಂದಳು ಪಕ್ಕದಲ್ಲಿದ್ದ ಹೆಂಡತಿ. "ಎರಡು ದಿನದಿಂದ ಬಗ್ಗಿಕೊಂಡು ನಡೀತಾ ಇದ್ದೀರಿ."

"ಹತ್ತು ಅಂದ್ರೆ ಪರಿಪೂರ್ಣ ಅಂತ. ಪರಿಪೂರ್ಣವಾದ ನೋವು ಯಾರಿಗೆ ಬರುತ್ತೆ?"

ಅವರ ಸ್ವಭಾವವೇ ಹಾಗೆ. ಊರಿನ ಶಾಲೆಯಲ್ಲಿ ಗಣಿತ ಹೇಳಿಕೊಡುವಾಗ ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಅರ್ಧ ಮಾರ್ಕು ಮೇಷ್ಟ್ರು. ಉತ್ತರ ಸರಿಯಿದ್ದರೂ ಕೆಳಗೆ ಗೆರೆ ಎಳೆದಿಲ್ಲವೆಂದು ಅರ್ಧ ಮಾರ್ಕು ಕತ್ತರಿಸುವವರು. ಹತ್ತಕ್ಕೆ ಏಳು ಕೊಟ್ಟ ದಿನ ಮನೆಗೆ ಬಂದು ಅದನ್ನೊಂದು ಸುದ್ದಿಯಂತೆ ಹೇಳುತ್ತಿದ್ದರು. ಒಂದೂವರೆ ವರ್ಷದ ಕೆಳಗೆ ಈ ಪರದೇಶದ ಶಾಲೆಯಲ್ಲಿ ಕೆಲಸ ಸಿಕ್ಕಿ ಗಂಡ ಹೆಂಡತಿ ಇಬ್ಬರೂ ವಿಮಾನ ಹತ್ತಿದಾಗ ಪೆನ್ನೂ ಬಂತು, ಬುದ್ಧಿಯೂ ಬಂತು.

ಹಿಂದೆ ಬಿದ್ದದ್ದು ಹೆಂಡತಿಯ ಬಾಯಿ. ಊರಲ್ಲಿ ಮೂರು ಹೊಲಿಗೆ ಯಂತ್ರ ಇಟ್ಟುಕೊಂಡು ಹುಡುಗಿಯರಿಗೆ ಕಲಿಸುತ್ತ, ದಿನವಿಡೀ ವಟವಟ ಎನ್ನುತ್ತಿದ್ದ ಟೈಲರಮ್ಮ ಅವಳು. ಇಲ್ಲಿಯ ಭಾಷೆಯಲ್ಲಿ ಅವಳ ಹತ್ತಿರ ಇದ್ದದ್ದು ಅಂಗಡಿಯ ನಾಲ್ಕು ಮಾತು: ಎಷ್ಟು, ಬೇಡ, ಸಾಕು, ಇನ್ನೊಂದು ಕೊಡಿ. ಮಿಕ್ಕದ್ದನ್ನೆಲ್ಲ ಮೇಷ್ಟ್ರೇ ಮಾತಾಡುತ್ತಿದ್ದರು. ಇವಳು ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದಳು.

ನೋವು ಶುರುವಾದದ್ದು ಗುರುವಾರ. ಮೊದಲು ಹೊಕ್ಕುಳ ಸುತ್ತ, ಆಮೇಲೆ ಬಲಕ್ಕೆ ಸರಿಯಿತು. ಶುಕ್ರವಾರ ಮೇಜು ಹಿಡಿದುಕೊಂಡೇ ಐದು ತರಗತಿ ಮುಗಿಸಿದರು. ಶನಿವಾರ ಬೆಳಿಗ್ಗೆ ತಿಂಡಿಯ ತಟ್ಟೆಯನ್ನು ಹಾಗೇ ತಳ್ಳಿದಾಗ ಅವಳು ಜಪ್ಪಯ್ಯ ಎಂದರೂ ಬಿಡದೆ ಹೊರಡಿಸಿದಳು. ಹೊರಡುವಾಗಲೂ ಅವರು ಉತ್ತರ ಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡರು, ಸೋಮವಾರ ಒಪ್ಪಿಸಬೇಕೆಂದು.

ಈಗ ಕಟ್ಟು ತೊಡೆಯ ಮೇಲಿತ್ತು, ಮುಖಗಳ ಹಾಳೆ ಅದರ ಕೆಳಗೆ. ಕರೆದಾಗ ಒಳಗೆ ತರಬೇಕೆಂದು ನರ್ಸು ಅದನ್ನು ಅವರ ಕೈಗೇ ಕೊಟ್ಟಿದ್ದಳು.

"ಇಲ್ಲಿ ಬಂದವರ ಸರದಿ ಅಲ್ಲ, ನೋವಿನ ಸರದಿ," ಎಂದರು ಮೇಷ್ಟ್ರು. "ಜಾಸ್ತಿ ಇರೋರು ಮೊದಲು."

ಅವಳಿಗೆ ಮೈಯೆಲ್ಲ ಉರಿಯಿತು. ಕೂತಲ್ಲಿ ಕೂರಲಾಗದೆ ನೀರಿನ ನಲ್ಲಿಯ ತನಕ ಹೋದಳು, ಬಾಯಾರಿಕೆ ಇಲ್ಲದೆ ನೀರು ಕುಡಿದಳು, ಬಂದಳು, ಮತ್ತೆ ಎದ್ದಳು. ಗೋಡೆಯ ಮೇಲಿನ ಬೋರ್ಡಿನಲ್ಲಿ ಕೆಂಪು ನಂಬರು ಬದಲಾದಾಗೆಲ್ಲ ಕೈಯಲ್ಲಿದ್ದ ಚೀಟಿ ನೋಡಿಕೊಳ್ಳುತ್ತಿದ್ದಳು, ತಮ್ಮದಲ್ಲವೆಂದು ಗೊತ್ತಿದ್ದರೂ. ಆಮೇಲೆ ಬಂದ ಒಬ್ಬ, ಕಾಲು ಉಳುಕಿದವನು, ಏಳಕ್ಕೆ ಸುತ್ತು ಹಾಕಿ ಕುಂಟುತ್ತ ಒಳಗೆ ಹೋದ. ಬೆರಳಿಗೆ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬಳು ಫೋನಿನಲ್ಲಿ ನಗುತ್ತಲೇ ಒಳಗೆ ಹೋದಳು. ಮೂರು ಮಾರ್ಕಿನವರನ್ನು ಕೇಳುವವರಿಲ್ಲ.

ಎರಡು ಗಂಟೆ ಹೀಗೆ ಕಳೆಯಿತು, ಮೇಷ್ಟ್ರು ಕೂತಲ್ಲೇ ಪತ್ರಿಕೆ ತಿದ್ದುತ್ತಿದ್ದರು. ಆಮೇಲೆ ಮೇಷ್ಟ್ರು ಉಸ್ಸೆಂದು ಬೆನ್ನು ಹಿಂದಕ್ಕೆ ಚಾಚಿದರು.

"ನೋವು ಇಳೀತು ಕಣೇ. ನೋಡು, ಕೈಯಿಂದ ಎತ್ತಿ ತೆಗೆದ ಹಾಗೆ. ಏಳು, ಮನೆಗೆ ಹೋಗೋಣ."

ಅವಳಿಗೆ ನಿಜವಾಗಿಯೂ ಜೀವ ಬಂದಂತಾಯಿತು. ಮನೆಗೆ ಹೋಗಿ ಗಂಜಿ ಮಾಡಿಕೊಡುವ ಲೆಕ್ಕಾಚಾರವನ್ನೂ ಹಾಕಿದಳು. ಚೀಲಕ್ಕೆ ಹಾಕೋಣವೆಂದು ಪತ್ರಿಕೆಗಳ ಕಟ್ಟನ್ನು ಎತ್ತಿಕೊಂಡಾಗ ಮೇಲಿನ ಹಾಳೆ ಕಣ್ಣಿಗೆ ಬಿತ್ತು. ಒಂಬತ್ತು. ಕೆಳಗಿನದು ನೋಡಿದಳು, ಒಂಬತ್ತೂವರೆ. ಅದರ ಕೆಳಗೆ ಹತ್ತು. ಮತ್ತೊಂದರಲ್ಲಿ ಅರ್ಧ ಪುಟ ಖಾಲಿ, ಅದಕ್ಕೂ ಹತ್ತು.

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಈ ಮನುಷ್ಯ ಯಾರಿಗೂ ಹತ್ತು ಕೊಟ್ಟದ್ದನ್ನು ಅವಳು ಕಂಡಿರಲಿಲ್ಲ. ಮುಖ ನೋಡಿದಳು, ಬೂದಿಯ ಬಣ್ಣ. ಕೈ ಮುಟ್ಟಿದಳು, ತಣ್ಣಗೆ ಕೊರೆಯುತ್ತಿತ್ತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮೇಷ್ಟ್ರು ಮಾತ್ರ ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟೇಬಿಟ್ಟಿದ್ದರು.

"ಕೂತ್ಕೊಳ್ಳಿ," ಎಂದಳು. ಆ ದನಿಗೆ ಅವರು ಕೂತರು.

ಕಿಟಕಿಗೆ ಹೋಗಿ ಗಂಡನ ಕಡೆ ಬೆರಳು ತೋರಿಸಿದಳು. ಇದ್ದ ನಾಲ್ಕು ಮಾತಿನಲ್ಲಿ ಯಾವುದು ಆಡಬೇಕೋ ತಿಳಿಯದೆ "ಸಾಕು" ಎಂದಳು. ಕಾದದ್ದು ಸಾಕು ಎಂದು ಅವಳ ಮನಸ್ಸಿನಲ್ಲಿತ್ತು. ನರ್ಸು ತಲೆಯಾಡಿಸಿ, ಮನೆಗೆ ಹೋಗುವವರು ಸಹಿ ಹಾಕುವ ಪುಸ್ತಕ ಮುಂದೆ ತಳ್ಳಿದಳು. ಇವಳು ಅದನ್ನು ಅಷ್ಟೇ ಜೋರಾಗಿ ಹಿಂದಕ್ಕೆ ತಳ್ಳಿದಳು.

ಮರಳಿ ಬಂದು ಮುಖಗಳ ಹಾಳೆಯನ್ನೂ ಗಂಡನ ಕೆಂಪು ಪೆನ್ನನ್ನೂ ಕಸಿದುಕೊಂಡಳು. ಕಿಟಕಿಯ ಮುಂದೆ, ನರ್ಸು ನೋಡುತ್ತಿದ್ದಂತೆಯೇ, ಮೂರನ್ನು ಹೊಡೆದುಹಾಕಿ ಒಂಬತ್ತಕ್ಕೆ ಎರಡು ಸುತ್ತು ಹಾಕಿದಳು. ಮಾರ್ಕು ತಿದ್ದಿದರೆ ಪಕ್ಕದಲ್ಲಿ ತಿದ್ದಿದವರ ಸಹಿ ಇರಬೇಕು, ಉತ್ತರ ಪತ್ರಿಕೆಗಳ ನಡುವೆ ಬಾಳಿದವಳಿಗೆ ಅಷ್ಟು ಗೊತ್ತು. ಕನ್ನಡದಲ್ಲಿ ಪೂರ್ತಿ ಸಹಿ ಹಾಕಿದಳು. ಮೇಷ್ಟ್ರ ಜೀವನದ ಮೊದಲ ಮರುಮೌಲ್ಯಮಾಪನ ಹೀಗೆ ನಡೆಯಿತು.

ನರ್ಸು ಆ ಸಹಿಯನ್ನು ನೋಡಿದಳು, ಇವಳ ಮುಖ ನೋಡಿದಳು, ಕುರ್ಚಿ ಬಿಟ್ಟು ಹೊರಗೆ ಬಂದಳು. ಮೇಷ್ಟ್ರ ನಾಡಿ ಹಿಡಿದು, ಹೊಟ್ಟೆಯ ಬಲಗಡೆ ಬೆರಳೂರಿ ತಟ್ಟನೆ ಬಿಟ್ಟಳು. ಮೇಷ್ಟ್ರ ಬಾಯಿಂದ ಬಂದ ಸದ್ದಿಗೆ ಸಾಲು ಕುರ್ಚಿಯವರೆಲ್ಲ ತಿರುಗಿದರು. ಆಮೇಲೆ ಎಲ್ಲವೂ ಓಡಿತು. ತಳ್ಳುಗಾಡಿ ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಬಾಗಿಲ ಈಚೆ ಅವಳು ಚೀಲ, ಚಪ್ಪಲಿ, ಪತ್ರಿಕೆಗಳ ಕಟ್ಟು ಹಿಡಿದು ನಿಂತಳು. ಮೂರು ತಾಸು ಆ ಕಾರಿಡಾರಿನ ಉದ್ದಕ್ಕೂ ನಡೆದಳು.

ಸಂಜೆ ವಾರ್ಡಿನಲ್ಲಿ ಮೇಷ್ಟ್ರು ಕಣ್ಣು ಬಿಟ್ಟರು. ಡಾಕ್ಟರು ಬಂದು ಹೇಳಿಹೋದದ್ದನ್ನು ಅವರೇ ಸಣ್ಣ ದನಿಯಲ್ಲಿ ಕನ್ನಡಕ್ಕೆ ತಂದರು. "ಅಪೆಂಡಿಕ್ಸ್ ಒಳಗೇ ಒಡೆದಿತ್ತಂತೆ. ಒಡೆದಾಗ ಸ್ವಲ್ಪ ಹೊತ್ತು ನೋವು ಕಮ್ಮಿ ಆಗುತ್ತಂತೆ. ಮನೆಗೆ ಹೋಗಿದ್ರೆ…" ಅಲ್ಲಿಗೆ ನಿಲ್ಲಿಸಿದರು.

"ಬೆಳಿಗ್ಗೆ ನಿಜವಾಗಿ ಎಷ್ಟಿತ್ತು?" ಎಂದು ಕೇಳಿದಳು.

ಅವರು ಚಾವಣಿ ನೋಡಿದರು. "ಒಂಬತ್ತಿತ್ತು."

"ಗೊತ್ತಿದ್ದೂ ಮೂರು ಹಾಕಿದ್ರಾ?"

"ನೀನು ಪಕ್ಕದಲ್ಲೇ ನಿಂತಿದ್ದೆ. ಭಾಷೆ ಬರದಿದ್ರೂ ಅಂಕಿ ಓದೋಕೆ ಬರುತ್ತಲ್ಲ. ನನ್ನನ್ನ ಒಳಗೆ ಹಾಕಿಕೊಂಡುಬಿಟ್ರೆ ಈ ಊರಲ್ಲಿ ನೀನೊಬ್ಬಳೇ ಏನು ಮಾಡ್ತೀಯ, ಹೆದರಿಕೊಳ್ತೀಯ ಅಂತ…"

ಅವಳು ಇಷ್ಟು ಹೊತ್ತೂ ಅದನ್ನು ಮಾರ್ಕಿನ ಜಿಪುಣತನವೆಂದೇ ತಿಳಿದಿದ್ದಳು. ಮರುಕ ಬಂತು, ಅದರ ಹಿಂದೆಯೇ ಕೋಪ ಉಕ್ಕಿಬಂತು. ಯಾವುದು ಹೆಚ್ಚು ಎಂದು ಅವಳಿಗೇ ತಿಳಿಯಲಿಲ್ಲ. ಎದ್ದಳು, ಕೂತಳು, ಮತ್ತೆ ಎದ್ದಳು.

"ಅಲ್ಲಾ ರೀ, ನಾನು ಒಬ್ಬಳೇ ಆಗ್ತೀನಿ ಅಂತ ಸಾಯೋಕೆ ಹೊರಟಿದ್ರಲ್ಲ. ನೀವು ಸತ್ತಿದ್ರೆ ನನ್ನ ಜೊತೆ ಯಾರಿರ್ತಿದ್ರು?"

ಮೇಷ್ಟ್ರ ಕಣ್ಣಂಚಿನಿಂದ ನೀರಿಳಿದು ಕಿವಿಯ ಕಡೆ ಹರಿಯಿತು. ಸೂಜಿ ಚುಚ್ಚಿದ್ದ ಕೈಯನ್ನು ಎತ್ತಲಾಗದೆ ಅವರು ಹಾಗೇ ಮಲಗಿದ್ದರು. ಅವಳ ಕೈಯಲ್ಲಿ ಸೆರಗಿತ್ತು, ಒರೆಸಲು ಹೋಗಲಿಲ್ಲ. ಅಳಲಿ ಎಂದು ಬಿಟ್ಟಳು.