ಗಾಜಿನ ಮೇಲಿನ ಸುಣ್ಣ

ಅಕ್ಷರ ಅಕ್ಷರವನ್ನೇ ತಿನ್ನುತ್ತಿದೆ, ಹಿಂದೆ ದಿವಂಗತ ಅಂತ ಸೇರಿಸಹೋದರೆ ಮುಂದಿದ್ದ ಸೋಮು ಮಾಯ, ಇನ್ಸರ್ಟ್ ಕೀ ಒತ್ತಿಹೋಗಿರಬೇಕು, ಇನ್ನೊಮ್ಮೆ ಒತ್ತಿದರಾಯ್ತು — ಕಾರವಾರದ ಕೋರ್ಟಿನೆದುರು ಹನ್ನೊಂದು ವರ್ಷ ಟೈಪಿಂಗ್ ಅಂಗಡಿ ನಡೆಸಿದವಳಿಗೆ ಇದೇನು ಹೊಸತೇ, ಅಕ್ಷರವೆಲ್ಲ ಚೌಕ ಚೌಕವಾದರೆ ಫಾಂಟ್ ಇಲ್ಲ, ಕೊನೆಯ ಸಾಲು ಮುಂದಿನ ಪುಟಕ್ಕೆ ಜಾರಿದರೆ ಮಾರ್ಜಿನ್ ಎಳಿ, ಫೈಲು ಕಳೆದರೆ ಸುಗಂಧಾನ ಕೇಳಿ, ಊರಿಗೆಲ್ಲ ದೊಡ್ಡ ಜಾಣೆ ನಾನು, ಪಕ್ಕದ ಸ್ಟೂಲಿನಲ್ಲಿ ಸೋಮಣ್ಣನ ಮಗಳು ಕಲಾವತಿ, ಅಪ್ಪನ ಉತ್ತರಕ್ರಿಯೆಯ ಕಾರ್ಡು ಮಾಡಿಸಲು ಬೆಳಂಬಾರದಿಂದ ಬಂದವಳು, ಚೀಟಿಯನ್ನು ಮೂಗಿಗೆ ತಾಗಿಸಿ ಓದುತ್ತಾಳೆ, ಅಕ್ಕಾ, ಅಪ್ಪ ಮಳೆಗಾಲದಲ್ಲಿ ನಿಮ್ಮ ಹತ್ರ ನಂಗೊಂದು ಪತ್ರ ಬರೆಸಿದ್ನಂತೆ, ಬಿಣಗಾದಲ್ಲಿ ಅಪ್ಪನ ಪಕ್ಕದ ಮನೆಯವ್ರು ಹೇಳಿದ್ರು, ಅದು ಉಂಟಾ, ನೋಡ್ತೆ ಅಂದೆ, ಏನು ನೋಡುತ್ತೀ ಸುಗಂಧಾ, ಯಾವ ಫೋಲ್ಡರಿನಲ್ಲಿ — ಉಳಿದದ್ದು ಈ ಸುಣ್ಣವೊಂದೇ, ಪರದೆಯ ಗಾಜಿನ ಮೇಲೆ ಉಗುರಿನಷ್ಟು ಬಿಳಿ, ದಿನಾ ಬೆಳಿಗ್ಗೆ ಗಾಜು ಒರೆಸುತ್ತೇನೆ, ಅದರ ಸುತ್ತ ಮಾತ್ರ. ಪತ್ರ ಬರೆಸಿದ ದಿನ, ಓದು ಬಾರದ ಸೋಮಣ್ಣ, ಎಲೆಗೆ ಸುಣ್ಣ ಹಚ್ಚಿದ ಹೆಬ್ಬೆರಳು ಹಾಗೇ ಚಾಚಿ, ಇದ್ರಲ್ಲಿ ಕಲಾವತಿ ಅಂತ ಎಲ್ಲುಂಟು ತಂಗಿ, ಇಲ್ಲಿ ಅಂದೆ, ಒತ್ತಿದ, ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಹಾಗೆ.

ಒಂದು ಗಂಟೆ ಹೇಳಿದ, ಒಂಬತ್ತು ವರ್ಷ ಮಾತು ಬಿಟ್ಟ ಮಗಳಿಗೆ, ತಾಯಿಯ ಮುಖ ಕಡೆಯ ಸಲ ನೋಡಬೇಕೆಂದು ಬಂದವಳಿಗೆ ಬಾಗಿಲು ಹಾಕಿದ್ದನ್ನು, ಆಮೇಲಿನದನ್ನು, ಆಮೇಲೆ ಏನು ಹೇಳಿದ್ದ, ಕಿವಿಗೆ ಬಿದ್ದದ್ದು ನೇರ ಬೆರಳಿಗೆ ಇಳಿಯುತ್ತದೆ, ತಲೆಯಲ್ಲಿ ನಿಲ್ಲುವುದಿಲ್ಲ, ನಮ್ಮ ಕಸುಬೇ ಹಾಗೆ, ನೆನಪಿರುವುದು ಒಂದೇ, ದೊಡ್ಡಕ್ಷರ ಹಾಕು ತಂಗಿ, ಅವಳಿಗೆ ಕಣ್ಣು ಸರಿ ಕಾಣೂದಿಲ್ಲ, ಹದಿನೆಂಟಕ್ಕೆ ಏರಿಸಿದೆ, ಸೇವ್ ಮಾಡಲಿಲ್ಲ, ಕರೆಂಟು ಹೋಯ್ತು, ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು. ಕರೆಂಟಿನ ತಪ್ಪಾಗಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ. ಕರೆಂಟು ಬಂತು, ವರ್ಡ್ ತೆರೆದೆ, ಎಡಗಡೆ ಉದ್ದ ಪಟ್ಟಿ, ಕರೆಂಟು ಹೋಗುವ ಮೊದಲು ತಾನೇ ಉಳಿಸಿಕೊಂಡ ಪತ್ರದ ಫೈಲು ಇಲ್ಲಿದೆ ನೋಡು ಅಂತ ತೋರಿಸಿತು, ತಲೆಯ ಮೇಲೆ ವಕೀಲರ ಗುಮಾಸ್ತ ಮಂಗೇಶ, ಸುಗಂಧಾಬಾಯಿ, ಸಾಹೇಬ್ರು ಕೂಗ್ತಾ ಇದ್ದಾರೆ, ನನ್ನ ಅಫಿಡವಿಟ್ ಮೊದ್ಲು, ಪಟ್ಟಿ ಅಡ್ಡ ಬರುತ್ತಿತ್ತು, ಮುಚ್ಚಿದೆ, ಇಟ್ಟುಕೊಳ್ಳಲೋ ತೆಗೆಯಲೋ ಅಂತ ಒಂದು ಸಲ ಕೇಳಿತು ಕೂಡ, ತೆಗೆ ಅಂದೆ, ಸೋಮಣ್ಣ ಇದೇ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದ, ಬಂತಾ ತಂಗಿ, ಇಲ್ಲ ಸೋಮಣ್ಣ, ಕರೆಂಟಿನ ಹಣೆಬರಹ, ನಾಳೆ ಬಾ, ಮತ್ತೆ ಹೊಡೆದುಕೊಡ್ತೆ, ಅವನು ಕೊಡೆ ತಗೊಂಡ, ಹೇಳೂದು ಹೇಳಿ ಆಯ್ತು, ಇನ್ನೊಂದ್ಸಲ ಹೇಳೂ ಎದೆ ಇಲ್ಲ ನಂಗೆ. ಬರಲಿಲ್ಲ. ಈಗ ಸಾಲು ಸಾಲಿಗೂ ಸೇವ್ ಒತ್ತುತ್ತೇನೆ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕಲಾವತಿ ಪರದೆಗೆ ಬಗ್ಗಿದ್ದಾಳೆ, ಅಪ್ಪನ ಹೆಸರು ಸರಿ ಉಂಟಾ ನೋಡಲು, ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು, ಅಕ್ಕಾ, ಕನ್ನಡಕ ಅಲ್ಲ, ನಿಮ್ಮ ಗಾಜಿಗೇ ಎಂತದೋ ಹತ್ತಿದೆ, ಸೆರಗಿನ ತುದಿ ಒದ್ದೆ ಮಾಡಿಕೊಂಡಳು, ಕೈ ಚಾಚಿದಳು, ಬೇಡ ಅನ್ನು, ನಿನ್ನ ಅಪ್ಪನ ಹೆಬ್ಬೆರಳು ಅದು ಅನ್ನು, ನಿನ್ನ ಹೆಸರಿದ್ದ ಜಾಗ ಅನ್ನು, ಬೆರಳು ಸೇವ್ ಒತ್ತುತ್ತಿದೆ, ಸುಣ್ಣ, ಉಗುರಿನಷ್ಟು, ಬಿಳಿ, ಸೆರಗು ತಾಗಿತು, ಸುಣ್ಣ —