ಮುಚ್ಚಿಕೊಳ್ಳದ ಗೊಂಬೆ

ಮೇಷ್ಟ್ರ ಮೇಲೆ ನನಗಿದ್ದ ನಂಬಿಕೆ ಎಂಥದ್ದೆಂದರೆ, ಅವರು ಕೈಗಿಟ್ಟ ಮರದ ತುಂಡನ್ನು ನಾನು ತಿರುಗಿಸಿಯೂ ನೋಡಲಿಲ್ಲ. ಎರಡು ಟೊಮೆಟೊ ಕೊಳ್ಳುವಾಗಲೂ ನಾಲ್ಕು ಸಲ ಹಿಂದೆ ಮುಂದೆ ನೋಡುವವಳು ನಾನು. ಅವತ್ತು ಮಾತ್ರ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ನಮ್ಮದು ಕೈಕೆಲಸ ಕಲಿಸುವ ಕೇಂದ್ರ. ಓದು ಅರ್ಧಕ್ಕೆ ಬಿಟ್ಟವರು, ಮನೆಯವರೇ ಕೈಬಿಟ್ಟವರು, ಮನೆಯೇ ಇಲ್ಲದವರು, ಹೀಗೆ ಯಾರಿಗೂ ಬೇಡವಾದ ಹದಿನಾಲ್ಕು ಜನ ಅಲ್ಲಿ ಮರದ ಆಟಿಕೆ ಮಾಡುವುದನ್ನು ಕಲಿಯುತ್ತಿದ್ದೆವು. ಹಳೇ ಗೋದಾಮು, ತಗಡಿನ ಮಾಡು, ಮರ ಕಡೆಯುವ ಆರು ಲೇತ್ ಮಿಷಿನ್ನು. ಆಟಿಕೆ ಎಂದರೆ ಹೊರಗಿನವರು ನಗುತ್ತಿದ್ದರು. ಮೇಷ್ಟ್ರಿಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು.

"ಕುರ್ಚಿ ಕಾಲು ಒಂದು ಕೂದಲೆಳೆ ಹೆಚ್ಚುಕಮ್ಮಿ ಆದ್ರೆ ಕೂತೋರಿಗೆ ಗೊತ್ತಾಗಲ್ಲ ಕಣ್ರೋ. ಗೊಂಬೆ ಮುಚ್ಚಳ ಹೆಚ್ಚುಕಮ್ಮಿ ಆದ್ರೆ ಮೂರು ವರ್ಷದ ಮಗೂಗೂ ಗೊತ್ತಾಗುತ್ತೆ. ಇದನ್ನ ಕಲಿತೋರು ಎಲ್ಲಿ ಬೇಕಾದ್ರೂ ಬದುಕ್ತಾರೆ" ಎನ್ನುತ್ತಿದ್ದರು.

ನಾನು ಕಲಿತೆ. ಅವರು ಹೊಗಳಿದ ದಿನ ಊಟ ರುಚಿಸುತ್ತಿತ್ತು, ಬೈದ ದಿನ ನಿದ್ದೆ ಬರುತ್ತಿರಲಿಲ್ಲ. ಅಪ್ಪ ಎನ್ನುವವರು ಹೀಗೇ ಇರುತ್ತಾರೇನೋ ಎಂದುಕೊಂಡಿದ್ದೆ. ನನಗೆ ಹೋಲಿಸಿ ನೋಡಲು ಬೇರೆ ಅಪ್ಪ ಇರಲಿಲ್ಲ.

ವರ್ಷಕ್ಕೊಮ್ಮೆ ಹೊರಗಿನಿಂದ ಪರೀಕ್ಷಕರು ಬರುತ್ತಿದ್ದರು. ಪಾಸಾದವರಿಗೆ ದೊಡ್ಡ ಆಟಿಕೆ ಕಾರ್ಖಾನೆಯಲ್ಲಿ ಕೆಲಸ, ಜೊತೆಗೆ ಇರಲು ಒಂದು ಕೋಣೆ. ನನಗೆ ಕೆಲಸಕ್ಕಿಂತ ಆ ಕೋಣೆ ಮುಖ್ಯವಾಗಿತ್ತು. ನನ್ನ ಹನ್ನೊಂದು ವರ್ಷದ ತಂಗಿ ಮಕ್ಕಳ ಆಶ್ರಮದಲ್ಲಿದ್ದಳು. "ಇರೋಕೆ ಒಂದು ಜಾಗ ಅಂತ ತೋರಿಸಮ್ಮ, ಅವತ್ತೇ ಕಳಿಸಿಕೊಡ್ತೀನಿ" ಎಂದು ಅಲ್ಲಿಯ ಮೇಲ್ವಿಚಾರಕಿ ಹೇಳಿದ್ದರು.

ಪರೀಕ್ಷೆಗೆ ಕೊಟ್ಟಿದ್ದು ಸೊಂಟದಲ್ಲಿ ತೆರೆದುಕೊಳ್ಳುವ ಗೊಂಬೆ. ಮೇಲರ್ಧ, ಕೆಳಗರ್ಧ ಬೇರೆಬೇರೆ ಕಡೆದು ಒಂದಕ್ಕೊಂದು ಕೂರಿಸಬೇಕು. ಮುಗಿದ ಮೇಲೆ ಪರೀಕ್ಷಕರು ಅದನ್ನು ಪೆಟ್ಟಿಗೆಯಲ್ಲಿಟ್ಟು ಮೊಹರು ಹಾಕಿ, ಐದನೆಯ ದಿನ ತೆಗೆದು ನೋಡುತ್ತಾರೆ. ಮರ ಆರಿಸಿಕೊಳ್ಳುವುದೂ ಪರೀಕ್ಷೆಯ ಭಾಗ, ಯಾರೂ ಯಾರಿಗೂ ಆರಿಸಿಕೊಡುವಂತಿಲ್ಲ.

ಹಿಂದಿನ ದಿನ ಎಲ್ಲರೂ ಕಪಾಟಿನ ಮುಂದೆ ನಿಂತು ತುಂಡುಗಳನ್ನು ತಟ್ಟಿ, ಮೂಸಿ ನೋಡುತ್ತಿದ್ದಾಗ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. ಬಟ್ಟೆಯಲ್ಲಿ ಸುತ್ತಿದ ಒಂದು ತುಂಡು ಕೊಟ್ಟರು.

"ನಿನಗೇ ಅಂತ ಎತ್ತಿಟ್ಟಿದ್ದೆ. ಯಾರಿಗೂ ಹೇಳ್ಬೇಡ."

ತಪ್ಪು ಎಂದು ಗೊತ್ತಿತ್ತು. ಆದರೂ ಹಿಗ್ಗಿ ಹೀರೇಕಾಯಿಯಾದೆ. ಹದಿನಾಲ್ಕು ಜನರಲ್ಲಿ ನನ್ನೊಬ್ಬಳಿಗೇ! ತುಂಡಿನ ಎರಡೂ ತುದಿಗೆ ಮೇಣ ಬಳಿದಿತ್ತು, ಕೈಗೆ ಕೊಂಚ ಭಾರವೂ ಎನಿಸಿತು. ಒಳ್ಳೇ ಜಾತಿಯ ಮರ ಇರಬೇಕು ಎಂದುಕೊಂಡೆ.

ಮರುದಿನ ಉಳಿ ತಾಗಿಸಿದರೆ ಆ ಮರ ಬೆಣ್ಣೆಯ ಹಾಗೆ ಕೊಯ್ಯಿಸಿಕೊಂಡಿತು. ಪಕ್ಕದ ಮಿಷಿನ್ನಿನಲ್ಲಿದ್ದ ಬಡಬಡಿಯ ಮುಖದ ತುಂಬ ಪುಡಿ. ಬಾಯಿ ಮುಚ್ಚಲು ಬಾರದ ಹುಡುಗನಾದ್ದರಿಂದ ಅವನಿಗೆ ಆ ಹೆಸರು, ಅವತ್ತು ಪುಡಿ ಬಾಯಿಗೂ ಹೋಗಿತ್ತು. ನನ್ನ ಉಳಿಯಿಂದ ಮಾತ್ರ ಮೊಳದುದ್ದದ ಸುರುಳಿ ಇಳಿಯುತ್ತಿತ್ತು. ಸುರುಳಿ ಬಂದರೆ ಮರ ಹಸಿ ಎಂದು ಮೊದಲ ವಾರವೇ ಕಲಿತಿದ್ದೆ. ಆದರೆ ನನ್ನ ಕೈ ಅಷ್ಟು ಪಳಗಿದೆ ಎಂದು ಭಾವಿಸಿ ಬೀಗಿದೆ, ಪೆದ್ದಿ.

ಐದನೆಯ ದಿನ ಪೆಟ್ಟಿಗೆ ತೆರೆದಾಗ ಬಡಬಡಿಯ ಗೊಂಬೆ ತಕರಾರಿಲ್ಲದೆ ಮುಚ್ಚಿಕೊಂಡಿತು. ನನ್ನದು ಮುಚ್ಚಲಿಲ್ಲ. ಪರೀಕ್ಷಕರು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು, ಕೊನೆಗೆ ಎರಡು ಅರ್ಧಗಳನ್ನೂ ಮೇಜಿನ ಮೇಲಿಟ್ಟು ಪಟ್ಟಿಯಲ್ಲಿ ನನ್ನ ಹೆಸರಿಗೆ ಅಡ್ಡಗೆರೆ ಎಳೆದರು. ಮೇಷ್ಟ್ರು ನನ್ನ ತಲೆ ಸವರಿ, "ಬೇಜಾರು ಮಾಡ್ಕೋಬೇಡಮ್ಮ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನಾನೇ ಅವರಿಗೆ ಸಮಾಧಾನ ಹೇಳಿದೆ.

ಆಮೇಲೆ ಗೊಂಬೆಯನ್ನು ಬೆಳಕಿಗೆ ಹಿಡಿದೆ. ಉಂಗುರದಂತೆ ದುಂಡಗಿದ್ದ ಸೊಂಟದ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಹಾಗಾಗುವುದು ಹಸಿ ಮರ ಒಣಗಿದಾಗ ಮಾತ್ರ. ತುದಿಗೆ ಮೇಣ ಬಳಿಯುವುದು ಒಳಗಿನ ಹಸಿ ಆರದಿರಲಿ ಎಂದು. ಇದನ್ನೂ ಅವರೇ ಕಲಿಸಿದ್ದರು.

ಪಾಪ, ಮೇಷ್ಟ್ರ ಕಣ್ಣು ತಪ್ಪಿರಬೇಕು ಎಂದೇ ನನಗೆ ಹೊಳೆದದ್ದು. ಕೈಚೀಲ ಎತ್ತಿಕೊಂಡು ಹೊರಟಿದ್ದ ಪರೀಕ್ಷಕರ ಹಿಂದೆ ಓಡಿದೆ. ಮೇಷ್ಟ್ರು ಅವರ ಪಕ್ಕದಲ್ಲೇ ಇದ್ದರು.

"ಸಾರ್, ಇದು ಹಸಿ ಮರ ಸಾರ್. ಕೆಲಸ ತಪ್ಪಿಲ್ಲ. ಒಣಗಿದ ಮರ ಕೊಟ್ರೆ ಈಗಲೇ ಮಾಡಿ ತೋರಿಸ್ತೀನಿ."

ಪರೀಕ್ಷಕರು ಗೊಂಬೆಯ ಬಾಯಿಯ ಮೇಲೆ ಬೆರಳಾಡಿಸಿ ತಲೆದೂಗಿದರು. "ಹೌದು, ಹಸಿಯೇ. ಆರಿಸಿದ್ದು ಯಾರು?"

ನಾನು ಮೇಷ್ಟ್ರ ಮುಖ ನೋಡಿದೆ. ನನ್ನಿಂದ ತಪ್ಪಾಯಿತು ಎಂದು ಅವರು ಒಂದು ಮಾತು ಅಂದಿದ್ದರೆ ಸಾಕಿತ್ತು. ಅವರಿಗೆ ಹೆಚ್ಚೆಂದರೆ ಒಂದು ಬೈಗುಳ, ನನಗೆ ಇನ್ನೊಂದು ಅವಕಾಶ.

"ಅವಳೇ ಆರಿಸ್ಕೊಂಡಿದ್ದು ಸಾರ್" ಎಂದರು ಮೇಷ್ಟ್ರು. ದನಿ ಒಂದಿಷ್ಟೂ ನಡುಗಲಿಲ್ಲ.

ಅವರೇ ಕೊಟ್ಟರು ಎಂದು ನಾನು ಹೇಳಿದರೆ ನಿಯಮ ಮುರಿದವಳೂ ನಾನೇ, ಕದ್ದುಮುಚ್ಚಿ ತೆಗೆದುಕೊಂಡವಳೂ ನಾನೇ. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು. ಪರೀಕ್ಷಕರು, "ಮರ ನೋಡೋಕೆ ಬರದಿದ್ರೆ ಕೈ ಚೆನ್ನಾಗಿದ್ದು ಏನು ಬಂತಮ್ಮ?" ಎಂದು ಗಾಡಿ ಹತ್ತಿದರು.

ನಾವಿಬ್ಬರೂ ಮರಳಿದಾಗ ಗೋದಾಮಿನಲ್ಲಿ ಯಾರೂ ಇರಲಿಲ್ಲ. "ಯಾಕೆ ಮೇಷ್ಟ್ರೇ?" ಎಂದೆ.

ಅವರು ಬಲಗೈ ಮುಂದೆ ಚಾಚಿದರು. ಬೆರಳುಗಳು ಅದುರುತ್ತಿದ್ದವು. ಅದು ಕೇಂದ್ರದಲ್ಲಿ ನನ್ನೊಬ್ಬಳಿಗೇ ತಿಳಿದಿದ್ದ ಗುಟ್ಟು. ಒಂದೂವರೆ ವರ್ಷದಿಂದ ಅವರು ಕಡೆಯಬೇಕಾದ ಮಾದರಿ ಗೊಂಬೆಗಳನ್ನೆಲ್ಲ ನಾನೇ ಕಡೆದು, ಅವರದೆಂದು ಕಪಾಟಿನಲ್ಲಿಡುತ್ತಿದ್ದೆ. ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ.

"ನೀನು ಹೋದ್ರೆ ನಾಳೆನೇ ನನ್ನನ್ನ ಮನೆಗೆ ಕಳಿಸ್ತಾರೆ. ಒಂದು ವರ್ಷ ತಾನೇ ಕಣಮ್ಮ. ಮುಂದಿನ ಸಲ ನಾನೇ ಪಾಸ್ ಮಾಡಿಸ್ತೀನಿ."

"ಕೇಳಿದ್ರೆ ನಾನೇ ಉಳೀತಿದ್ದೆ" ಎಂದೆ. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳದೆ ಇದ್ದದ್ದರಿಂದ ತಿಳಿದುಕೊಳ್ಳುವ ದಾರಿಯೂ ಉಳಿಯಲಿಲ್ಲ. ಉಳಿಗಳನ್ನೆಲ್ಲ ಕಿತ್ತು ಎಸೆಯಬೇಕೆನಿಸಿತು. ಎಸೆಯಲಿಲ್ಲ, ಒರೆಸಿ ಜಾಗಕ್ಕಿಟ್ಟು ಹೊರಟೆ. ಮೂರು ವರ್ಷದ ಅಭ್ಯಾಸ, ಸುಡುಗಾಡು ಕೈ ಮಾತು ಕೇಳಲಿಲ್ಲ.

ಆಶ್ರಮದ ಜಗುಲಿಯ ಮೇಲೆ ತಂಗಿ ಆಗಲೇ ಹಾಸಿಗೆ ಸುತ್ತಿ, ಹಗ್ಗ ಕಟ್ಟಿ, ಅದರ ಮೇಲೆ ಕೂತಿದ್ದಳು. ತಲೆ ಬಾಚಿ ಎರಡು ಜಡೆ ಹಾಕಿಕೊಂಡಿದ್ದಳು.

"ಹೋಗೋಣ್ವಾ ಅಕ್ಕಾ?"

"ಇಲ್ಲ ಕಣೇ. ಪಾಸಾಗ್ಲಿಲ್ಲ."

"ನಾನೇ ಎಲ್ಲರಿಗಿಂತ ಚೆನ್ನಾಗಿ ಮಾಡ್ತೀನಿ ಅಂದಿದ್ಯಲ್ಲ?"

"ಮಾಡ್ತೀನಿ."

"ಮತ್ತೆ?"

ಅಪ್ಪನಂಥವರು ಹೀಗೂ ಮಾಡುತ್ತಾರೆ ಎಂದು ಹನ್ನೊಂದು ವರ್ಷದವಳಿಗೆ ಹೇಗೆ ಹೇಳುವುದು? "ನಾನೇ ಮರ ಸರಿಯಾಗಿ ನೋಡ್ಲಿಲ್ಲ" ಎಂದೆ.

"ನಾನು ಇಲ್ಲಿ ಕಾಯ್ತಾ ಇದ್ರೂ ಸರಿಯಾಗಿ ನೋಡ್ಲಿಲ್ವಾ?" ಎಂದಳು.

ಅವಳು ಹಾಸಿಗೆಯಿಂದ ಇಳಿದು ಹಗ್ಗ ಬಿಚ್ಚತೊಡಗಿದಳು. ಗಂಟು ಬಿಗಿಯಾಗಿ ಬಿದ್ದಿತ್ತು. ನಾನು ಬಿಚ್ಚಲು ಹೋದರೆ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದಳು.